ಮಗ್ಗಲು ಬದಲಿಸುವ ಹೊತ್ತು

"ಏನ್ ನಿಂತ್ಕೊಂಡು ನೋಡ್ತಿದ್ದೀರಾ? ಆ ಕಡೆ ಬನ್ನಿ, ಸೊಂಟದ ಕೆಳಗೆ ಕೈ ಹಾಕಿ!"

ವಾರ್ಡಿನ ಬಾಗಿಲಲ್ಲಿ ನಿಂತಿದ್ದವನು ಒಮ್ಮೆ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಸಿಸ್ಟರ್ ಗದರಿದ್ದು ತನಗೇ ಎಂದು ಖಾತ್ರಿಯಾದ ಮೇಲೆ ಹೆಗಲಿನ ಚೀಲ ನೆಲಕ್ಕೆ ಹಾಕಿ ಓಡಿ ಬಂದ.

ಏಳನೇ ಹಾಸಿಗೆಯ ಟೈಲರ್ ತಾತ ಸಾಮಾನ್ಯ ತೂಕದ ಆಸಾಮಿಯಲ್ಲ. ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಮಲಗಿದ್ದಲ್ಲೇ ಜಾರಿ ಜಾರಿ ಮಂಚದ ಅಂಚಿಗೆ ಬಂದಿದ್ದರು. ಇನ್ನೊಂದು ಗೇಣು ಜಾರಿದ್ದರೆ ನೆಲ! ಸಿಸ್ಟರ್ ಒಬ್ಬಳೇ ಮಂಡಿ ಕೊಟ್ಟು ತಡೆದು ನಿಂತಿದ್ದಳು.

"ಮೂರು ಅಂದಾಗ ಎತ್ತಿ. ಒಂದು... ಎರಡು..."

ಅವನು ಎತ್ತಿದ. ಎತ್ತಿದ ರೀತಿ ನೋಡಿ ಸಿಸ್ಟರ್ ಕಣ್ಣರಳಿತು. ರೋಗಿಯ ಕಡೆಯವರು ಎತ್ತಿದರೆ ಮೂಟೆ ಎತ್ತಿದ ಹಾಗೆ ಎತ್ತುತ್ತಾರೆ. ಇವನು ಮಂಡಿ ಬಗ್ಗಿಸಿ, ಹಾಸಿದ ಬಟ್ಟೆಯ ಅಂಚನ್ನು ಸುರುಳಿ ಸುತ್ತಿ ಹಿಡಿದು, ತಾತನ ಚರ್ಮ ಒಂದಿಷ್ಟೂ ಉಜ್ಜದ ಹಾಗೆ ಮೇಲಕ್ಕೆ ತಂದಿದ್ದ. ತಲೆಗೆ ತಲೆ ತಾಗುವಷ್ಟು ಹತ್ತಿರದಲ್ಲಿ ಇಬ್ಬರ ಕಣ್ಣೂ ಕೂಡಿದವು.

ಅವಳ ಎದೆ ಯಾಕೋ ಝಲ್ಲೆಂದಿತು...

'ಛೆ! ಬೆಳಗ್ಗೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ, ಅದಕ್ಕೇ ಹೀಗೆ' ಎಂದು ತನಗೆ ತಾನೇ ಹೇಳಿಕೊಂಡಳು.

"ತಾತನ ಮಗನಾ ನೀವು?"

"ಅಲ್ಲ."

"ಹೊಸ ಅಟೆಂಡರ್?"

"ಅಲ್ಲ... ನರ್ಸಿಂಗ್ ಕಾಲೇಜಲ್ಲಿ ಪಾಠ ಮಾಡ್ತೀನಿ. ನಿಮ್ಮ ವಾರ್ಡಲ್ಲಿ ಹಾಸಿಗೆ ಹುಣ್ಣಿನ ಸಂಶೋಧನೆಗೆ ಅಂತ ಬಂದೆ. ನಾಳೆಯಿಂದ ಶುರು."

ಅರಳಿದ ಕಣ್ಣು ಅಲ್ಲೇ ಮುದುಡಿತು.

"ಓ... ಮೇಷ್ಟ್ರಾ!" ಎಂದಳು, ಬೇರೆ ಯಾವುದೋ ಕಾಯಿಲೆಯ ಹೆಸರು ಹೇಳಿದ ಹಾಗೆ.

ಅವತ್ತಿನಿಂದ ವಾರ್ಡಿಗೆಲ್ಲ ಅವರು ಮೇಷ್ಟ್ರು. ಕಥೆ ಹೇಳುವವರು ಮಾತ್ರ 'ಅವನು' ಎನ್ನಬಹುದು, ಏಕೆಂದರೆ ವಯಸ್ಸಿನ್ನೂ ಮೂವತ್ತೇಳು. ಮದುವೆಯೂ ಆಗಿರಲಿಲ್ಲ. ಈ ಎರಡೂ ವಿವರವನ್ನು ಆಯಮ್ಮ ಒಂದೇ ದಿನದಲ್ಲಿ ಪತ್ತೆ ಹಚ್ಚಿ ತಂದಿದ್ದಳು.

ಸಿಸ್ಟರ್‌ಗೆ ಮೂವತ್ತನಾಲ್ಕು. ಅದರಲ್ಲಿ ಹನ್ನೊಂದು ವರ್ಷ ಈ ನರರೋಗಿಗಳ ವಾರ್ಡಿನಲ್ಲೇ ಸವೆದಿತ್ತು. ಇಪ್ಪತ್ತೆಂಟು ಹಾಸಿಗೆ, ಪಾಳಿಗೆ ಇಬ್ಬರು ನರ್ಸು, ಒಬ್ಬಳು ಆಯಮ್ಮ. ಒಬ್ಬ ನರ್ಸು ಔಷಧಿ, ಇಂಜೆಕ್ಷನ್ ಎಂದು ಓಡುತ್ತಿದ್ದರೆ ಇನ್ನೊಬ್ಬಳ ಪಾಲಿಗೆ ಹಾಸಿಗೆಗಳು. ಹದಿನಾರು ಜನ ತಾವಾಗಿ ಮಗ್ಗಲು ಬದಲಿಸಲಾರದವರು. ಅವರನ್ನು ಎರಡು ಗಂಟೆಗೊಮ್ಮೆ ಹೊರಳಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನಿಗೆ, ಸೊಂಟಕ್ಕೆ, ಹಿಮ್ಮಡಿಗೆ ಹಾಸಿಗೆ ಹುಣ್ಣು. ಒಬ್ಬರಿಗೆ ಐದು ನಿಮಿಷ ಅಂದರೂ ಎಂಬತ್ತು ನಿಮಿಷ ಅದಕ್ಕೇ ಹೋಯಿತು. ಮಧ್ಯೆ ಊಟ ತಿನ್ನಿಸಬೇಕು, ಮೂಗಿನ ನಳಿಕೆ ನೋಡಬೇಕು, ರೋಗಿಗಳ ಕಡೆಯವರ ಜಗಳ ಬಿಡಿಸಬೇಕು... ಗಡಿಯಾರಕ್ಕೆ ಇದೆಲ್ಲ ಎಲ್ಲಿ ಗೊತ್ತು!

ಪ್ರತಿ ಮಂಚಕ್ಕೂ ಒಂದು ಚಾರ್ಟ್ ನೇತಾಡುತ್ತಿತ್ತು. ಎಂಟು, ಹತ್ತು, ಹನ್ನೆರಡು, ಎರಡು ಎಂದು ಮೊದಲೇ ಅಚ್ಚಾದ ಮನೆಗಳು. ಪಾಳಿ ಮುಗಿಯುವಾಗ ಸಿಸ್ಟರ್ ಪೆನ್ನು ಹಿಡಿದು ಹದಿನಾರು ಚಾರ್ಟಿಗೂ ಒಂದೇ ಉಸಿರಿನಲ್ಲಿ ಟಿಕ್ ಹಾಕಿಬಿಡುತ್ತಿದ್ದಳು. ಎಲ್ಲ ವಾರ್ಡಿನಲ್ಲೂ ಮಾಡುವುದು ಅದನ್ನೇ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಅಂಥ ವಾರ್ಡಿನ ಮೂಲೆಯಲ್ಲಿ ಅವನು ಸ್ಟೂಲ್ ಹಾಕಿಕೊಂಡು ಕೂತ. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ. ತೊಡೆಯ ಮೇಲೆ ರಟ್ಟು, ಕೈಯಲ್ಲಿ ಪೆನ್ಸಿಲ್. ಮಾತಿಲ್ಲ, ಕಥೆಯಿಲ್ಲ.

"ನೋಡೋರು ಮುಟ್ಟೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ನಿಯಮ" ಎಂದಿದ್ದ.

"ಪುಣ್ಯವಂತರು ಬಿಡಿ. ಅಂಥಾ ನಿಯಮ ನಮಗೂ ಒಂದಿದ್ದಿದ್ರೆ ಆರಾಮಾಗಿರ್ತಿದ್ವಿ" ಎಂದಿದ್ದಳು ಅವಳು.

ಮೂರನೇ ವಾರ ಆಯಮ್ಮ ರಜೆ ಹಾಕಿದಳು. ಜೊತೆಯ ನರ್ಸು ಹೊಸ ರೋಗಿಯ ಬಳಿ ಸಿಕ್ಕಿಹಾಕಿಕೊಂಡಿದ್ದಳು. ಸಿಸ್ಟರ್ ಒಬ್ಬಳೇ ಟೈಲರ್ ತಾತನನ್ನು ಎಡಕ್ಕೆ ಹೊರಳಿಸುತ್ತಿದ್ದಾಗ ಸೊಂಟದಲ್ಲಿ ಏನೋ ಚಳಕ್ಕೆಂದಿತು. "ಅಮ್ಮಾ!" ಎಂದು ಮಂಚದ ಕಂಬಿ ಹಿಡಿದುಕೊಂಡಳು.

ಕಣ್ಣು ತೆರೆದಾಗ ಕಂಡದ್ದೇನು? ಅವನು ಅರ್ಧ ಎದ್ದಿದ್ದ. ಕೈ ಮುಂದೆ ಬಂದಿತ್ತು. ಆಮೇಲೆ... ನಿಧಾನವಾಗಿ ವಾಪಸ್ ಕೂತುಬಿಟ್ಟ!

'ಇವನೂ ಒಬ್ಬ ಮನುಷ್ಯನಾ?'

ಎರಡು ಗಂಟೆಗೆ ಪಾಳಿ ಮುಗಿಸಿ ಕ್ಯಾಂಟೀನಿಗೆ ಹೋದರೆ ಎದುರಿಗೆ ಬಂದು ಕೂತ. ಮುಂದೆ ನೋವಿನ ಮುಲಾಮಿನ ಡಬ್ಬಿ ಇಟ್ಟ.

"ಬೇಡ" ಎಂದಳು. "ಅದನ್ನೂ ನಿಮ್ಮ ರಟ್ಟಿನ ಮೇಲೆ ಬರ್ಕೊಳ್ಳಿ. ನರ್ಸು ಮುಲಾಮು ಬೇಡ ಅಂದಳು ಅಂತ."

"ಬೈಯಿರಿ ಸಿಸ್ಟರ್, ಬೈಸ್ಕೋತೀನಿ. ಆದ್ರೆ ಒಂದು ಮಾತು ಕೇಳಿ. ನಾನು ಎದ್ದು ಬಂದು ಕೈ ಹಾಕಿದ್ರೆ ನನ್ನ ಲೆಕ್ಕದಲ್ಲಿ ಏನ್ ಬರುತ್ತೆ? ಇಬ್ಬರು ನರ್ಸಿಂದ ವಾರ್ಡು ಚೆನ್ನಾಗಿ ನಡೀತಿದೆ ಅಂತ ಬರುತ್ತೆ. ಮೂರನೆಯವನು ನಾನು ಅಂತ ಕಾಗದದಲ್ಲಿ ಎಲ್ಲಿ ಕಾಣುತ್ತೆ? ಇನ್ನು ಹತ್ತು ವರ್ಷ ನಿಮಗೆ ಇಬ್ಬರೇ ಸಾಕು ಅಂತಾರೆ."

ಅವಳು ಟೀ ಲೋಟ ಕೆಳಗಿಟ್ಟಳು.

"ಅಷ್ಟಕ್ಕೂ, ಈ ಹುಣ್ಣಿನ ಹಿಂದೆ ಯಾಕೆ ಬಿದ್ರಿ ನೀವು?"

ಅವನು ಮುಲಾಮಿನ ಡಬ್ಬಿಯನ್ನು ಮೇಜಿನ ಮೇಲೆ ಒಮ್ಮೆ ತಿರುಗಿಸಿದ.

"ಆರು ವರ್ಷ ನಾನೂ ವಾರ್ಡಲ್ಲಿ ನರ್ಸಾಗಿದ್ದೆ. ಒಬ್ಬ ಅಜ್ಜಿ ಮೂವತ್ತೊಂದು ದಿನ ಮಲಗಿದ್ರು. ನನ್ನ ಚಾರ್ಟಲ್ಲಿ ಒಂದು ಟಿಕ್ ತಪ್ಪಿರಲಿಲ್ಲ. ಒಂದಿನ ಬೆನ್ನು ತಿರುಗಿಸಿ ನೋಡಿದ್ರೆ ಒಳಗಿನ ಮೂಳೆ ಕಾಣ್ತಿತ್ತು. ಅದರ ನಂಜು ಮೈಗೇರಿ ಹೋಗ್ಬಿಟ್ರು. ಆಗ ಎಲ್ಲರೂ ನನ್ನ ಚಾರ್ಟ್ ನೋಡಿ, 'ನಿಂದೇನೂ ತಪ್ಪಿಲ್ಲ ಬಿಡಪ್ಪ' ಅಂದ್ರು..."

ಅವಳು ಮುಲಾಮಿನ ಡಬ್ಬಿ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

ಮಾರನೆಯ ದಿನ ಗಡಿಯಾರ ಎರಡು ದಾಟಿದ ಕೂಡಲೇ ಅವಳೇ ಸ್ಟೂಲಿನ ಬಳಿ ಹೋದಳು.

"ಎರಡಾಯ್ತು ಮೇಷ್ಟ್ರೇ. ಈಗ ಮುಟ್ಟಬಹುದಲ್ವಾ? ಬನ್ನಿ."

ಟೈಲರ್ ತಾತನ ಹಿಮ್ಮಡಿಯ ಹತ್ತಿರ ಕರೆದೊಯ್ದು, ಅವನ ಕೈಹಿಡಿದು, ಅಂಗೈ ಮೇಲಾಗಿ ತಿರುಗಿಸಿ ಹಿಂಗೈಯನ್ನು ತಾತನ ಚರ್ಮಕ್ಕೆ ತಾಗಿಸಿದಳು.

"ಇಲ್ಲಿ... ಆಮೇಲೆ ಇಲ್ಲಿ. ವ್ಯತ್ಯಾಸ ಗೊತ್ತಾಯ್ತಾ?"

"ಇಲ್ಲಿ ಸ್ವಲ್ಪ ಬಿಸಿ."

"ಹೂಂ. ಈಗ ಬೆರಳಲ್ಲಿ ಒತ್ತಿ ಬಿಡಿ. ಕೆಂಪು ಬೆಳ್ಳಗಾಗಿ ಮತ್ತೆ ಕೆಂಪಾದ್ರೆ ಇನ್ನೂ ಸಮಯ ಇದೆ. ಕೆಂಪು ಹಾಗೇ ನಿಂತ್ರೆ ಕಾಲ ಮೀರ್ತಾ ಇದೆ ಅಂತ. ನಾನು ಹೊರಳಿಸೋದು ಗಡಿಯಾರ ನೋಡಿ ಅಲ್ಲ, ಇದನ್ನ ನೋಡಿ. ಮುಂದಿನ ಪಾಳಿಯವರಿಗೂ ಇದನ್ನೇ ಕಲಿಸಿದ್ದೀನಿ. ತಾತಂಗೆ ಗಂಟೆಗೊಮ್ಮೆ ಬೇಕು. ಆ ಒಂಬತ್ತನೇ ಬೆಡ್ಡಿನ ಅಮ್ಮ ಸಣಕಲು, ಆದ್ರೂ ಮೂರು ಗಂಟೆ ತಡೀತಾರೆ. ಈಗ ತಾನೇ ಕಣ್ಣು ಹತ್ತಿದೆ, ಯಾಕೆ ಎಬ್ಬಿಸ್ಲಿ?"

"ಬೆರಳಿಂದ ಒತ್ತೋದು ನಾವು ಮೊದಲನೇ ವರ್ಷದ ಪುಸ್ತಕದಲ್ಲೇ ಪಾಠ ಮಾಡ್ತೀವಿ ಸಿಸ್ಟರ್!"

"ನನಗೆ ಯಾವ ಪುಟ ಅಂತ ಗೊತ್ತಿಲ್ಲಪ್ಪ. ಪಾಠ ಓದಿ ಪಾಸಾಗಿದ್ದಷ್ಟೇ. ಕೈಗೆ ಹತ್ತಿಸಿದ್ದು ಇಲ್ಲಿದ್ದ ಹಿರಿಯ ಸಿಸ್ಟರು, ತಪ್ಪಿದ್ರೆ ಮೊಟಕ್ತಿದ್ರು."

ಅವನು ನಕ್ಕ. ಅವನ ಕೈ ಇನ್ನೂ ತನ್ನ ಕೈಯಲ್ಲೇ ಇದೆ ಎಂದು ಅವಳಿಗೆ ಆಗ ಹೊಳೆಯಿತು. ಬಿಟ್ಟಳು. ಬಿಟ್ಟ ಮೇಲೆ ಆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ.

ಟೈಲರ್ ತಾತ ಒಂದೇ ಕಡೆಯ ಬಾಯಿಂದ, "ನನ್ನ ಕಾಲು... ವಾಪಸ್ ಕೊಡ್ತೀರಾ?" ಎಂದರು.

"ಅಲ್ಲಾ ಸಿಸ್ಟರಮ್ಮ, ಮೇಷ್ಟ್ರು ನಿನ್ನ ನೋಡೋ ನೋಟಕ್ಕೂ ಸಿಸ್ಟರ್ ಅಂತ ಕರೆಯೋ ಬಾಯಿಗೂ ಏನಾದ್ರೂ ಹೊಂದುತ್ತಾ?" ಎಂದು ಆಯಮ್ಮ ಲಾಂಡ್ರಿ ಗಾಡಿ ತಳ್ಳುತ್ತ ಛೇಡಿಸುವಳು. "ಸುಮ್ನೆ ಹೋಗೇ!" ಎಂದು ಸಿಸ್ಟರ್ ಗದರುವಳು. ಗದರುವಾಗ ಕೆನ್ನೆ ಮಾತ್ರ ಬೇರೆಯೇ ಮಾತಾಡುತ್ತಿತ್ತು.

ದಿನವೂ ಎರಡರ ಮೇಲೆ ಒಂದು ಟೀ. ಆಮೇಲೆ ಬಸ್ ನಿಲ್ದಾಣದವರೆಗೆ ನಡಿಗೆ. ಮಾತಾಡಲು ಇಬ್ಬರಿಗೂ ತ್ರಾಣ ಇರುತ್ತಿರಲಿಲ್ಲ. ಸುಮ್ಮನೆ ಜೊತೆಗೆ ನಡೆಯುವುದು ಇಷ್ಟು ಹಿತವಾಗಿರುತ್ತದೆಯೇ ಎಂದು ಅವಳಿಗೆ ಅಚ್ಚರಿ. ಮನೆಗೆ ಬಂದು ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಕೂತರೆ ತನ್ನಷ್ಟಕ್ಕೆ ತಾನು ನಗುತ್ತಿದ್ದಳು.

"ಏನೇ ಅದು, ಬಕೆಟ್ ನೋಡ್ಕೊಂಡು ನಗೋದು?" ಎನ್ನುತ್ತಿದ್ದಳು ಅಮ್ಮ. "ಬಂದ ಸಂಬಂಧ ಎಲ್ಲ ಡ್ಯೂಟಿ ಡ್ಯೂಟಿ ಅಂತ ತಪ್ಪಿಸ್ಕೊಂಡೆ. ಈಗ ಬಕೆಟ್ಟೇ ಗತಿ ಆಯ್ತು ನೋಡು."

ಒಂದು ದಿನ ಅವಳು ಅವನೆದುರು ಎಲ್ಲವನ್ನೂ ಬಿಚ್ಚಿಟ್ಟಳು. ಟಿಕ್ಕುಗಳೆಲ್ಲ ಸುಳ್ಳು ಎಂದು, ಪಾಳಿ ಮುಗಿಯುವಾಗ ಒಟ್ಟಿಗೆ ತುಂಬುವುದೆಂದು. ಕೆಲಸ ಸುಳ್ಳಲ್ಲ, ಕಾಗದ ಮಾತ್ರ ಸುಳ್ಳು ಎಂದು.

"ಮೊದಲನೇ ದಿನವೇ ನೋಡಿದ್ದೆ" ಎಂದ ಅವನು. "ಬರೀಲೇಬೇಕು ಸಿಸ್ಟರ್. ಆದ್ರೆ ಹೆಸರು ಬರಲ್ಲ. ನಾನು ನೋಡೋ ಮೂರು ವಾರ್ಡಲ್ಲಿ ನಿಮ್ಮದಕ್ಕೆ 'ಗ' ಅಂತಷ್ಟೇ ಹಾಕ್ತೀನಿ. ಯಾರಿಗೂ ಗೊತ್ತಾಗಲ್ಲ. ನನ್ನ ಮೇಲೆ ಭರವಸೆ ಇಡಿ."

ಇಟ್ಟಳು.

ಅವನ ಕೆಲಸ ಮುಗಿದು ಸ್ಟೂಲ್ ಖಾಲಿಯಾದರೂ ಎರಡರ ಮೇಲಿನ ಟೀ ತಪ್ಪಿರಲಿಲ್ಲ. ಹಾಗೆ ತಿಂಗಳು ಕಳೆಯುವಷ್ಟರಲ್ಲಿ ಮೇಟ್ರನ್ ಕೋಣೆಯಿಂದ ಕರೆ ಬಂತು.

ಮೇಟ್ರನ್ ಮೇಡಂ ಒಂದು ಕಾಗದವನ್ನು ಮೇಜಿನ ಮೇಲೆ ಜರುಗಿಸಿದರು. ಚಾರ್ಟುಗಳಲ್ಲಿ ಸುಳ್ಳು ದಾಖಲೆ ಬರೆದಿರುವುದಾಗಿ ತಿಳಿದುಬಂದಿದೆ, ಕೆಲಸದಿಂದ ಯಾಕೆ ತೆಗೆಯಬಾರದು, ಉತ್ತರ ಕೊಡಿ...

ಅವಳು ಕಾಗದವನ್ನು ಎರಡನೇ ಸಲ ಓದಿದಳು.

"ಮೇಡಂ... ಯಾರು ಹೇಳಿದ್ದು?"

"ಆ ಮೇಷ್ಟ್ರ ಕರಡು ವರದಿ ನಮ್ಮ ಒಪ್ಪಿಗೆಗೆ ಅಂತ ಬಂದಿತ್ತು. 'ಗ' ವಾರ್ಡ್ ಅಂತೆ. ಇಪ್ಪತ್ತೆಂಟು ಹಾಸಿಗೆ, ನರರೋಗಿಗಳು, ಬೆಳಗಿನ ಪಾಳಿಯಲ್ಲಿ ಹನ್ನೊಂದು ವರ್ಷ ಅನುಭವದ ನರ್ಸು. ಈ ಕಟ್ಟಡದಲ್ಲಿ ಅಂಥ ವಾರ್ಡು ಎಷ್ಟಿದೆಯಮ್ಮ?"

ಒಂದೇ. ಇನ್ನೆಷ್ಟು!

ಅಷ್ಟು ಓದಿದವನು ಹೆಸರು ಮುಚ್ಚಿದ್ದ, ಉಳಿದದ್ದನ್ನೆಲ್ಲ ತೆರೆದಿಟ್ಟಿದ್ದ. ಹೊರಗಿನವರು ಯಾರು ಓದಿದರೂ ತಿಳಿಯುತ್ತಿರಲಿಲ್ಲ. ಒಳಗಿನವರೇ ಮೊದಲು ಓದುತ್ತಾರೆಂದು ಅವನಿಗೆ ಹೊಳೆದಿರಲಿಲ್ಲ.

ಅವನು ಓಡಿ ಬಂದ. ವಾರ್ಡಿನ ಬಾಗಿಲಲ್ಲೇ ಅವಳು ತಡೆದಳು.

"ಸಿಸ್ಟರ್, ದೇವರಾಣೆ, ಬೇಕಂತ ಮಾಡಿದ್ದಲ್ಲ..."

"ಗೊತ್ತು. ಬೇಕಂತ ಮಾಡಿದ್ರೆ ಒಳ್ಳೇದಿತ್ತು, ಚೆನ್ನಾಗಿ ದ್ವೇಷ ಮಾಡ್ತಿದ್ದೆ" ಎಂದಳು. "ನೀವು ನನ್ನನ್ನ ನೋಡ್ತಿದ್ದೀರಿ ಅಂತ ಖುಷಿಯಾಗಿದ್ದೆ ಮೇಷ್ಟ್ರೇ. ಹನ್ನೊಂದು ವರ್ಷದಲ್ಲಿ ಯಾರೂ ನೋಡಿರಲಿಲ್ಲ. ನೀವು ನೋಡ್ತಿದ್ದದ್ದು 'ಗ'ನ. ಹೋಗಿ, ನನಗೆ ಕೆಲಸ ಇದೆ."

ಹತ್ತು ದಿನ ಅವನ ಕರೆಗೆ ಅವಳ ಫೋನು ಬಡಿದುಕೊಂಡಿತು. ಅವಳು ಎತ್ತಲಿಲ್ಲ. ಅಳಲಿಕ್ಕೂ ಶಕ್ತಿ ಇರಲಿಲ್ಲ. ಮಾಡುವ ಕೆಲಸ ಮಾಡಿದಳು, ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅಮ್ಮ ತಟ್ಟೆ ತಂದು ಪಕ್ಕದಲ್ಲಿ ಕೂತು, ಒಂದು ಮಾತೂ ಆಡದೆ ತಲೆ ಸವರಿದಳು. ಆ ಅಮ್ಮ ಸುಮ್ಮನಿದ್ದಾಳೆ ಅಂದರೆ ಎಷ್ಟು ಹೆದರಿರಬೇಕು!

ವಿಚಾರಣೆಯ ದಿನ ಬಂತು. ಮೇಜಿನ ಆಚೆ ಮೇಟ್ರನ್ ಮತ್ತು ದೊಡ್ಡ ಡಾಕ್ಟರು. ಆಸ್ಪತ್ರೆಯ ಯಜಮಾನಿಕೆ ಅವರದೇ. ಈಚೆ ಎರಡು ಕುರ್ಚಿ. ಒಂದರಲ್ಲಿ ಆಗಲೇ ಅವನು ಕೂತಿದ್ದ. ಹತ್ತು ದಿನಕ್ಕೇ ಕೆನ್ನೆ ಒಳಕ್ಕೆ ಹೋಗಿತ್ತು.

ಅವಳು ಕೂರುವ ಮೊದಲೇ ಅವನು ಎದ್ದು ನಿಂತ.

"ಸರ್, 'ಗ' ವಾರ್ಡಿನ ಎಲ್ಲ ಪುಟಗಳನ್ನ ನಾನು ವಾಪಸ್ ತಗೋತಿದ್ದೀನಿ. ಗುಟ್ಟಾಗಿಡ್ತೀನಿ ಅಂತ ಮಾತು ಕೊಟ್ಟು ಪಡೆದ ವಿಷಯ ಅದು. ನನ್ನ ತಪ್ಪಿಂದ ಬಯಲಾಯ್ತು. ಅದನ್ನ ಇಟ್ಕೊಂಡು ಅವರನ್ನ ಶಿಕ್ಷಿಸೋ ಹಾಗಿಲ್ಲ."

"ಆ ವಾರ್ಡ್ ತೆಗೆದ್ರೆ ನಿಮ್ಮ ಸಂಶೋಧನೇಲಿ ಉಳಿಯೋದೇನ್ರೀ?" ಎಂದರು ದೊಡ್ಡ ಡಾಕ್ಟರು.

"ಏನೂ ಇಲ್ಲ ಸರ್. ಹೋಲಿಸೋಕೆ ಇದ್ದ ವಾರ್ಡೇ ಅದು. ನಾಲ್ಕು ವರ್ಷದ ಕೆಲಸ... ಹೋಗ್ಲಿ."

ಹತ್ತು ದಿನದಿಂದ ಕಲ್ಲಾಗಿದ್ದ ಅವಳ ಎದೆಯಲ್ಲಿ ಏನೋ ಕರಗಿತು. ಹಿಂದೆಯೇ ಸಿಟ್ಟೂ ಉಕ್ಕಿ ಬಂತು!

'ಅಯ್ಯೋ ಪೆದ್ದೇ! ಎಲ್ಲ ಸುಟ್ಟು ನನ್ನನ್ನ ಉಳಿಸ್ತೀಯಾ? ಆ ಅಜ್ಜಿಗೆ ಏನಂತೀಯ?'

"ವಾಪಸ್ ತಗೋಬೇಡಿ" ಎಂದಳು ಜೋರಾಗಿ.

ಮೂವರೂ ತಿರುಗಿದರು.

"ಅದರಲ್ಲಿರೋದು ನಿಜ ಸರ್. ಟಿಕ್ಕೆಲ್ಲ ನಾನೇ ಹಾಕಿದ್ದು, ಸುಳ್ಳು. ಎಲ್ಲರೂ ಹಾಕ್ತಾರೆ, ಆದ್ರೆ ನಾನು ನನ್ನದನ್ನ ಹೇಳ್ತೀನಿ. ಆ ಪುಟ ಹೋದ್ರೆ ನನ್ನ ಕೆಲಸ ಉಳಿಯುತ್ತೆ, ಸರಿ. ನಾಳೆ ಮತ್ತೆ ಅದೇ ಚಾರ್ಟು, ಅದೇ ಸುಳ್ಳು, ಅದೇ ಇಬ್ಬರು. ನನಗೆ ಸಾಕಾಗಿದೆ ಸರ್. ಮೈ ದಣಿದ್ರೆ ತಡೀಬಹುದು, ದಿನಾ ಸುಳ್ಳು ಬರೆದು ದಣಿಯೋದು ಆಗಲ್ಲ. ತೆಗೆಯೋದಿದ್ರೆ ತೆಗೀರಿ. ಅದಕ್ಕೆ ಮೊದಲು ಒಂದ್ಸಲ ವಾರ್ಡಿಗೆ ಬಂದು ನನ್ನ ಹದಿನಾರು ಜನರ ಬೆನ್ನು ನೋಡಿ."

ಮೊದಲು ಎದ್ದವರು ಮೇಟ್ರನ್ ಮೇಡಂ. "ಬನ್ನಿ ಸರ್, ನೋಡೇಬಿಡೋಣ."

ಹಾಸಿಗೆಯಿಂದ ಹಾಸಿಗೆಗೆ ಹೋದರು. ಮೇಟ್ರನ್ ಎಷ್ಟೋ ವರ್ಷದಿಂದ ರೋಗಿಯ ಮೈ ಮುಟ್ಟಿರಲಿಲ್ಲ. ಮೊದಲ ಮಂಚದಲ್ಲಿ ತಡವರಿಸಿದರು, ಐದನೆಯದಕ್ಕೆ ಬರುವಷ್ಟರಲ್ಲಿ ಹಳೇ ಕೈ ಮರಳಿತ್ತು. ಒತ್ತಿದರು, ಬಿಟ್ಟರು, ಬಗ್ಗಿ ನೋಡಿದರು. ಹದಿನಾರರಲ್ಲಿ ಹುಣ್ಣು ಇದ್ದದ್ದು ಇಬ್ಬರಿಗೆ. ಇಬ್ಬರೂ ಮನೆಯಿಂದಲೇ ಹೊತ್ತು ತಂದವರು. ಹುಣ್ಣು ಒಣಗುತ್ತಿತ್ತು.

"ಉಳಿದೆರಡು ವಾರ್ಡಲ್ಲಿ ಎಷ್ಟಿತ್ತು?" ಎಂದು ದೊಡ್ಡ ಡಾಕ್ಟರು ಅವನನ್ನು ಕೇಳಿದರು.

"ಒಂದರಲ್ಲಿ ಒಂಬತ್ತು, ಒಂದರಲ್ಲಿ ಏಳು. ಚಾರ್ಟ್ ಮೂರರಲ್ಲೂ ಒಂದೇ ಸರ್. ಟಿಕ್ ಎಲ್ಲೂ ತಪ್ಪಿಲ್ಲ. ಇದು ವರದಿಯ ಎರಡನೇ ಭಾಗದಲ್ಲಿದೆ... ಅಲ್ಲಿವರೆಗೆ ಯಾರೂ ಓದ್ಲಿಲ್ಲ."

ಟೈಲರ್ ತಾತ ಮಲಗಿದ್ದಲ್ಲಿಂದಲೇ, "ಈ ಹುಡುಗೀನ ತೆಗೆದ್ರೆ... ನಾನೂ ಹೊರಟೆ" ಎಂದರು. ಆ ಮನುಷ್ಯ ಹೊರಡುವುದು ಹೇಗೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಜಯಭೇರಿ ಏನೂ ಬಾರಿಸಲಿಲ್ಲ. ಕೆಲಸ ಉಳಿಯಿತು. ಸುಳ್ಳು ಬರೆದದ್ದಕ್ಕೆ ಎಚ್ಚರಿಕೆಯ ಪತ್ರ ಅವಳ ಕಡತಕ್ಕೆ ಸೇರಿತು, ಮತ್ತು ಅದು ನ್ಯಾಯವೇ ಎಂದು ಅವಳಿಗೂ ಅನ್ನಿಸಿತು. ಅಚ್ಚಾದ ಗಂಟೆಗಳನ್ನು ತೆಗೆದುಹಾಕಿ, ಹೊರಳಿಸಿದ ನಿಜವಾದ ಸಮಯ ಮತ್ತು ಚರ್ಮ ಹೇಗಿದೆ ಎಂಬುದನ್ನು ಬರೆಯುವ ಹೊಸ ಚಾರ್ಟನ್ನು ಇಬ್ಬರೂ ಕೂತು ಮಾಡಿಕೊಡಬೇಕೆಂದು ಮೇಟ್ರನ್ ಹೇಳಿದರು. ಮೂರನೇ ನರ್ಸಿನ ಮಾತು ಬಂದಾಗ ದೊಡ್ಡ ಡಾಕ್ಟರು "ನೋಡೋಣ" ಎಂದರು. ಆ "ನೋಡೋಣ" ಎಷ್ಟು ಉದ್ದದ್ದೆಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು.

ಮಧ್ಯಾಹ್ನ ಮೂರಕ್ಕೆ ಅವಳು ಹಿಂದಿನ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಕೂತಿದ್ದಳು. ಅವನು ಬಂದು ಎರಡು ಮೆಟ್ಟಿಲು ಕೆಳಗೆ ಕೂತ.

"ಕ್ಷಮಿಸಿ ಅನ್ನೋಕೂ ನಾಚಿಕೆ ಆಗ್ತಿದೆ" ಎಂದ. "ನನ್ನ ಹತ್ರ ಇದ್ದ ಬುದ್ಧಿಯೆಲ್ಲ ಹೆಸರು ಮುಚ್ಚೋಕೆ ಖರ್ಚಾಯ್ತು. ಹೆಸರಿನ ಹಿಂದೆ ಇರೋ ಮನುಷ್ಯರನ್ನ ಕಾಯೋದು ಮರೆತೆ."

"ನಾಲ್ಕು ವರ್ಷದ್ದನ್ನ ಬಿಟ್ಕೊಡೋಕೆ ಹೊರಟಿದ್ರಲ್ಲ... ಯಾಕೆ?"

"ನೀವು ಬೇಕಿತ್ತು, ಅದಕ್ಕೆ." ಸುತ್ತಿ ಬಳಸಿ ಹೇಳುವ ಚೈತನ್ಯ ಅವನಲ್ಲೂ ಉಳಿದಿರಲಿಲ್ಲ. "ನೀವು ಹೋಗು ಅಂದಮೇಲೆ ದಿನಾ ಎರಡು ಗಂಟೆ ಆಗ್ತಿತ್ತು, ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗ್ತಿರಲಿಲ್ಲ. ನಿಮ್ಮನ್ನ ತುಂಬಾ ಪ್ರೀತಿಸ್ತೀನಿ ರೀ. ಮದುವೆ ಆಗೋಣ್ವಾ?"

ಅವಳ ಕಣ್ಣಿಂದ ನೀರು ತಾನಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತುವುದೂ ಭಾರವೆನಿಸಿ ಹಾಗೇ ಬಿಟ್ಟಳು.

"ಏನಾದ್ರೂ ಹೇಳಿ..."

"ಸಿಟ್ಟು ಪೂರ್ತಿ ಹೋಗಿಲ್ಲ."

"ಗೊತ್ತು."

"ಇನ್ನೂ ಒಂದು ತಿಂಗಳು ಇರುತ್ತೆ."

"ಇರ್ಲಿ. ಕಾಯ್ತೀನಿ."

"ನಮ್ಮಮ್ಮ ಬಾಯಿ ಜಾಸ್ತಿ."

"ಕೇಳ್ಕೋತೀನಿ."

"ಬೇಡ ಅನ್ನೋಕೆ ಇನ್ನೂ ಏನಾದ್ರೂ ಕಾರಣ ಹುಡುಕ್ಬೇಕು ಮೇಷ್ಟ್ರೇ... ನನಗೆ ಸುಸ್ತಾಗಿದೆ."

"ಹಾಗಾದ್ರೆ ಹೂಂ ಅಂದ್ಬಿಡಿ. ಚಿಕ್ಕ ಮಾತು, ಆಯಾಸ ಆಗಲ್ಲ."

ಅಳುವಿನ ಮಧ್ಯೆಯೇ ಅವಳಿಗೆ ನಗು ಬಂತು. ಎರಡು ಮೆಟ್ಟಿಲು ಕೆಳಗಿಳಿದು ಅವನ ಪಕ್ಕ ಕೂತಳು. ಭುಜಕ್ಕೆ ತಲೆ ಆನಿಸಿದಳು.

"ಹೂಂ..."

"ಕೇಳಿಸ್ಲಿಲ್ಲ."

"ಚೆನ್ನಾಗಿ ಕೇಳಿಸ್ತು ನಿಮಗೆ. ಅಲ್ಲಾಡಬೇಡಿ. ಐದು ನಿಮಿಷ ಕಣ್ಣು ಮುಚ್ಕೋತೀನಿ."

ಅವನು ಅಲ್ಲಾಡಲಿಲ್ಲ.